ಹದಿನಾಲ್ಕನೇ ಕೋಣೆಯ ರಜೆ

ಇದು ನಮ್ಮ ಚಿಕ್ಕಮ್ಮನ ಮಗಳು ದೇವಕಿಗೆ ಆದದ್ದು. ಹೋದ ಡಿಸೆಂಬರಿನಲ್ಲಿ, ದಿಲ್ಲಿ ಹತ್ತಿರದ ಮಾನೇಸರ್‌ನ ಒಂದು ಶಾಲೆಯಲ್ಲಿ.

ರಾತ್ರಿ ಎಂಟು ದಾಟಿತ್ತು. ಆಟೊ ಅವಳನ್ನು ಗೇಟಿನ ಹತ್ತಿರವೇ ಬಿಟ್ಟುಹೋಯಿತು. ಅಂಗಳದ ಆಲದ ಮರದಡಿ ಒಬ್ಬಳೇ ನಡೆದಳು. ಕಾಲಡಿಯಲ್ಲಿ ಒಣಗೆಲೆ ಚರ್ರ್... ಚರ್ರ್. ಹೆದರಿಕೆಯೇನೂ ಆಗಲಿಲ್ಲ. ಗಂಡ ತೀರಿಕೊಂಡು ಎಂಟು ತಿಂಗಳು. ಅಲ್ಲಿಂದೀಚೆಗೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಊಟ ಮಾಡಿದ್ದಾಳೋ ಇಲ್ಲವೋ, ಅದೂ ನೆನಪಿರುತ್ತಿರಲಿಲ್ಲ.

ಶಾಲೆಗಳಿಗೆ ಎಷ್ಟು ಕರೆಂಟು ಬೇಕಾಗುತ್ತದೆಂದು ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದು ಅವಳ ಕೆಲಸ. ಯಾವ ಕೋಣೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಹೊತ್ತು ಇರುತ್ತಾರೆ... ಆ ವೇಳಾಪಟ್ಟಿ ತಪ್ಪಿದರೆ ಅಂದಾಜೇ ತಪ್ಪು. ಇಲ್ಲಿ ಎಲ್ಲ ಸರಿಹೊಂದಿತ್ತು, ಹದಿನಾಲ್ಕನೇ ಕೋಣೆಯೊಂದನ್ನು ಬಿಟ್ಟು. ಚಳಿಗಾಲದ ರಜೆ, ಬಾಗಿಲಿಗೆ ಬೀಗ. ಆದರೂ ದಿನಾ ರಾತ್ರಿ ಎಂಟೂವರೆಗೆ ಉಸಿರಿನಿಂದ ಗಾಳಿ ಎಷ್ಟು ಕೆಟ್ಟಿದೆಯೆಂದು ಅಳೆಯುವ ಅಲ್ಲಿನ ಮೀಟರು ಏರುತ್ತಿತ್ತು, ತರಗತಿ ತುಂಬ ಮಕ್ಕಳು ಕೂತು ಉಸಿರಾಡಿದ ಹಾಗೆ. ಮೀಟರು ಏರಿದೊಡನೆ ಹೊರಗಿನ ಗಾಳಿ ತರುವ ಫ್ಯಾನು ತಾನೇ ತಿರುಗುತ್ತಿತ್ತು.

ಚೌಕೀದಾರ ರಾಮ್‌ಫಲ್ ಬೀಗ ತೆಗೆದ.

"ಮೀಟರು ಕೆಟ್ಟಿರಬೇಕು ಭಯ್ಯಾ."

"ಮೂರು ಸಲ ಬದಲಾಯಿಸಿದರು, ಮೇಡಂ." ಪಿಸುಗುಟ್ಟಿದ. "ನಾನು ಒಳಗೆ ಬರಲ್ಲ."

ಅವಳು ಹಿಂದಿನ ಬೆಂಚಿನಲ್ಲಿ ಕೂತಳು. ಎಂಟೂವರೆ... ಮೀಟರಿನ ಅಂಕಿ ಏರತೊಡಗಿತು. ಮೇಲೆ ಫ್ಯಾನು ಗುಂಯ್ ಎಂದಿತು. ಆ ಸದ್ದಿನ ಕೆಳಗೆ ಇನ್ನೊಂದು ಸದ್ದು... ಉಸಿರು. ಸಣ್ಣ ಸಣ್ಣ ಉಸಿರುಗಳು. ಒಂದು ಮೂಗು ಕಟ್ಟಿದ್ದು... ಸೊರ್... ಸೊರ್. ಪಕ್ಕದಲ್ಲೇ.

ಅವಳು ಏಳಲಿಲ್ಲ. ಒಂಬತ್ತಕ್ಕೆ ಎಲ್ಲ ನಿಂತಿತು.

ಮರುದಿನ ಆಫೀಸಿನಲ್ಲಿ ಮೇಲಧಿಕಾರಿ ಮಹಂತೇಶ್ ಹೇಳಿದ, "ರಜೆ ಅಂದ್ರೆ ಮಕ್ಕಳ ಲೆಕ್ಕಕ್ಕೆ ಸೊನ್ನೆ ಹಾಕಿ. ಫ್ಯಾನು ರಾತ್ರಿ ಓಡದ ಹಾಗೆ ಟೈಮರ್ ಇಡಿಸಿ."

"ಅಲ್ಲಿ ಯಾರೋ ಇದ್ದಾರೆ ಸರ್."

"ಯಾರು?"

ಅವಳು ಕಂಪ್ಯೂಟರಿನತ್ತ ತಿರುಗಿದಳು. ಸೊನ್ನೆ ಹಾಕಿದಳು, ಟೈಮರೂ ಇಡಿಸಿದಳು.

ಅದರ ಮರುದಿನ ಬೆಳಗಿನ ಜಾವ ರಾಮ್‌ಫಲ್‌ನ ಫೋನು. "ಮೇಡಂ... ರಾತ್ರಿ ಫ್ಯಾನು ತಿರುಗಲಿಲ್ಲ. ಒಂದ್ಸಲ ಬಂದು ನೋಡಿ."

ಏಳು ಗಂಟೆಗೆ ಹೋದಳು. ಉಳಿದ ಕೋಣೆಗಳ ಕಿಟಕಿಗಳು ಸ್ವಚ್ಛವಾಗಿದ್ದವು. ಹದಿನಾಲ್ಕರ ಗಾಜಿನ ಮೇಲೆ, ಒಳಗಡೆಯಿಂದ, ಬಾಯಿ ಒತ್ತಿ ಉಸಿರು ಬಿಟ್ಟ ಗುಂಡನೆಯ ಗುರುತುಗಳು. ಒಂದರ ಪಕ್ಕ ಒಂದು, ಅವಳ ಸೊಂಟದೆತ್ತರಕ್ಕೆ. ಬೀಗ ಹಾಕಿದ್ದು ಹಾಗೇ ಇತ್ತು.

ದೇವಕಿ ಅಲ್ಲೇ ನಿಂತು ಲ್ಯಾಪ್‌ಟಾಪ್ ತೆರೆದಳು. ಯಾರನ್ನೂ ಕೇಳದೆ ಸೊನ್ನೆ ಅಳಿಸಿ ಮೂವತ್ತು ಮಕ್ಕಳು ಎಂದು ಹಾಕಿದಳು. ಟೈಮರು ತೆಗೆಸಿದಳು. ಆಮೇಲೆ ಗಾಜಿನ ಮೇಲೆ ಅಂಗೈ ಇಟ್ಟಳಂತೆ.

ನಂಬಿ, ಬಿಡಿ. ಅವಳು ಸುಳ್ಳು ಹೇಳುವವಳಲ್ಲ. ಡಿಸೆಂಬರಿನ ಬೆಳಗು, ಗಾಜು ಬೆಚ್ಚಗಿತ್ತು.