ತುದಿಯಲ್ಲಿ ಉಳಿದ ಹನಿ

ಅಫಜಲಪುರದ ಬಸ್ ನಿಲ್ದಾಣದಲ್ಲಿ ಕರಜಗಿಯ ಅಂಗಡಿಕಾರ ದೊಡ್ಡಪ್ಪ ಬಸ್ಸಿಗಾಗಿ ನಿಂತಿದ್ದ. ಅವನ ಮುಂದೆಯೇ, ಇತ್ತ ಬೆನ್ನು ಮಾಡಿ, ಅದೇ ಊರಿನ ಹಾಲು ಮಾರುವ ನಿಂಬೆವ್ವ ಮತ್ತು ಪಿಯುಸಿ ಓದುವ ಅವಳ ಮಗಳು ಜಗದೇವಿ. ಪ್ರ್ಯಾಕ್ಟಿಕಲ್ ಪರೀಕ್ಷೆ ಮುಗಿಸಿ ಬಂದಿದ್ದ ಮಗಳ ಮುಖ ಗಂಟಿಕ್ಕಿತ್ತು.

"ಎಲ್ಲಾ ನಿನ್ನಿಂದೇ ಕೆಟ್ಟಿತು ಯವ್ವಾ."

"ನಾ ಏನ್ ಮಾಡೀನಿ ಬೇ?"

"ಪಿಪೆಟ್ ಅಂತ ಗಾಜಿನ ಕೊಳವಿ ಇರ್ತದ. ಅದರಾಗ ಆಸಿಡ್ ಅಳದು ಬಿಡಬೇಕು. ತುದಿಗಿ ಒಂದು ಹನಿ ಉಳೀತು. ಊದಿ ಕೆಡವಿದೆ."

"ಛಲೋ ಮಾಡ್ದಿ. ಅಳದು ಕೊಡೂ ಮುಂದ ಹನಿ ಸುದ್ದಾ ಉಳಸಬಾರದು."

"ನೀ ಹಂಗ ಕಲಸಿದ್ದಕ್ಕೇ ಹಿಂಗಾತು! ಆ ಹನಿ ಬಿಟ್ಟೇ ಅಳತಿ ಗೆರಿ ಹಾಕಿರ್ತಾರ. ಊದಿದ್ರ ಹೆಚ್ಚಾಗ್ತದ. ಪರೀಕ್ಷಾಕ್ಕ ಬಂದ ಸರ್ ನೋಡಿ ಮಾರ್ಕ್ಸ್ ಕಡದ್ರು."

"ಅಂದ್ರ, ಹನಿ ಉಳಿಸ್ಕೊಂಡ್ರೇ ಅಳತಿ ಬರಾಬರ್ ಅಂತೀ?"

"ಹೂಂ."

ನಿಂಬೆವ್ವ ಖಾಲಿ ಕ್ಯಾನನ್ನು ಸಿಟ್ಟಿನಿಂದ ಎತ್ತಿ ಸೊಂಟಕ್ಕಿಟ್ಟಳು.

"ಹನಿ ಉಳಿಸ್ಕೊಳ್ಳೂದು ಕಲಿಯಾಕ ಕಾಲೇಜ್ ಯಾಕ ಬೇಕಿತ್ತು? ನಮ್ಮೂರ ಎಣ್ಣಿ ಅಂಗಡಿ ದೊಡ್ಡಪ್ಪನ ಹಂತೇಕ ಕಳಸ್ತಿದ್ದೆ."

ಬಸ್ಸು ಬಂತು. ತಾಯಿ ಮಗಳು ಗೊಣಗುತ್ತಲೇ ಹತ್ತಿ ಹೋದರು. ದೊಡ್ಡಪ್ಪ ಮುಂದಿನ ಬಸ್ಸಿಗೆಂದು ಅಲ್ಲೇ ಉಳಿದ.