ಅಂಚಿನಲ್ಲಿ ಬರೆದ ತಾಯಿಯ ತೂಕ

ಅಧ್ಯಕ್ಷರಾದ ಸರಪಂಚ ಕಾಕಾಸಾಹೇಬರೇ, ಕಾಗಲದಿಂದ ಬಂದಿರುವ ಮೇಲ್ವಿಚಾರಕಿ ಮೇಡಂ ಅವರೇ, ನನ್ನ ಜಾಗಕ್ಕೆ ಬಂದಿರುವ ಪ್ರಿಯದರ್ಶನಿ, ಮತ್ತು ಮೂಗನ್ನು ಅಡುಗೆಗೂ ಕಿವಿಯನ್ನು ನನಗೂ ಕೊಟ್ಟು ಕುಳಿತಿರುವ ಸುಳಕೂಡದ ಸಭಿಕರೇ,

ಈ ಗುರುಸಿದ್ದವ್ವನ ಕೈಯಲ್ಲಿ ಮರಾಠಿಯಲ್ಲಿ ಬರೆದ ಭಾಷಣವಿದೆ. ಅದನ್ನು ಮಡಿಚಿಟ್ಟು ನಮ್ಮ ಮನೆಮಾತಿನಲ್ಲೇ ಹೇಳುತ್ತೇನೆ. ಇಪ್ಪತ್ತೊಂಬತ್ತು ವರ್ಷ ಅಂಗನವಾಡಿಯಲ್ಲಿ ನಿಮ್ಮ ಮಕ್ಕಳನ್ನು ತೂಗಿದವಳು ನಾನು. ನಾನು ತೂಗದ ಮಗು ಈ ಊರಲ್ಲಿ ಯಾವುದಿದೆ? ನಾನು ಮಾತ್ರ ಆ ತೂಕದ ಯಂತ್ರ ಹತ್ತಲಿಲ್ಲ. ಹತ್ತಿದ್ದರೆ ಸರಕಾರ ಹೊಸದು ಕಳಿಸಬೇಕಾಗುತ್ತಿತ್ತು.

ತಕ್ಕಡಿಗೆ ತೂಗುಹಾಕಿದ ಜೋಲಿಯಲ್ಲಿ ಕೂರದೆ ಅಳುವ ಮಗುವನ್ನು ತೂಗುವುದು ಹೇಗೆ? ತಾಯಿ ಅದನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲುತ್ತಾಳೆ. ಆಮೇಲೆ ಒಬ್ಬಳೇ ನಿಲ್ಲುತ್ತಾಳೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮಗುವಿನ ತೂಕ. ಮಗುವಿನದು ಪುಸ್ತಕದ ಚೌಕದೊಳಗೆ, ಪೆನ್ನಿನಲ್ಲಿ. ತಾಯಿಯದು ಅಂಚಿನಲ್ಲಿ, ಪೆನ್ಸಿಲಿನಲ್ಲಿ. ಅದನ್ನು ಕೇಳುವವರು ಯಾರು?

ನನ್ನ ಮೊಮ್ಮಗ ಸುಮಿತ ಜೋಲಿ ಕಂಡರೆ ಊರು ಒಂದು ಮಾಡುತ್ತಿದ್ದ. ಸೊಸೆ ರುತುಜಾ ಎತ್ತಿಕೊಂಡು ನಿಲ್ಲುತ್ತಿದ್ದಳು. ಬೆಳವಣಿಗೆಯ ಹಾಳೆಯಲ್ಲಿ ಅವನ ತೂಕದ ಗೆರೆ ಹಸಿರು ಪಟ್ಟಿಯಲ್ಲೇ ಏರಿತು. ಕಾಗಲದ ಮೀಟಿಂಗಿನಲ್ಲಿ ಆ ಹಾಳೆ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡೆ.

ಹೋದ ತಿಂಗಳು ಹಳೆಯ ಪುಸ್ತಕಗಳನ್ನು ಪ್ರಿಯದರ್ಶನಿಗೆ ಒಪ್ಪಿಸುತ್ತಿದ್ದೆ. “ಅಕ್ಕಾರ, ಈ ಪೆನ್ಸಿಲ್ ಅಂಕಿ ಯಾರದು? ಇಳಕೋತ ಹೊಂಟೈತ್ರೀ,” ಎಂದಳು. ನೋಡಿದೆ. ಸುಮಿತನ ಪುಟ; ಅಂಚಿನಲ್ಲಿ ರುತುಜಾಳ ತೂಕ. ಐವತ್ತೊಂದರಲ್ಲಿ ನಲವತ್ತೆರಡು ಹೋದರೆ ಒಂಬತ್ತು. ಐವತ್ತರಲ್ಲಿ ನಲವತ್ತು ಹೋದರೆ ಹತ್ತು. ನಲವತ್ತೊಂಬತ್ತರಲ್ಲಿ ಮೂವತ್ತೆಂಟು ಹೋದರೆ ಹನ್ನೊಂದು. ಮಗು ಏರಿದೆ, ತಾಯಿ ಇಳಿದಿದ್ದಾಳೆ. ಮೂರೂ ಲೆಕ್ಕ ನನ್ನದೇ ಕೈಬರಹ.

ಮನೆಯಲ್ಲಿ ಬಡತನವೇ? ಎರಡು ಎಮ್ಮೆ ಇವೆ. ಆದರೆ ಮೊದಲು ಅವಳ ಮಾವನ ಊಟ, ಆಮೇಲೆ ಮಗುವಿನದು, ಆಮೇಲೆ ನನ್ನದು. ಏಕೆಂದರೆ ನನಗೆ ಅಂಗನವಾಡಿಗೆ ಹೊತ್ತಾಗುತ್ತದೆ. ಅವಳ ಗಂಡ, ಅಂದರೆ ನನ್ನ ಮಗ, ಇಚಲಕರಂಜಿಯ ಮಗ್ಗದ ಪಾಳಿ ಮುಗಿಸಿ ಬರುವವರೆಗೆ ಅವಳು ಕಾಯುತ್ತಿದ್ದಳು. ಕೊನೆಗೆ ರೊಟ್ಟಿ ಬುಟ್ಟಿಯಲ್ಲಿ ಉಳಿದದ್ದು ಅವಳದು. “ಉಂಡಿ ಏನ?” ಎಂದರೆ “ಆತ್ರೀ ಅತ್ತಿ” ಎನ್ನುತ್ತಿದ್ದಳು. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು. ಊರಿಗೆಲ್ಲ ಬುದ್ಧಿ ಹೇಳಿದವಳು ಮನೆಯ ಬುಟ್ಟಿಯಲ್ಲಿ ಇಣುಕಲಿಲ್ಲ. ನನಗೆ ಭಾಳ ನಾಚಿಕೆಯಾಗಿದೆ.

ಈಗ ಅವಳಿಗೆ ಮತ್ತೆ ಐದು ತಿಂಗಳು. ಕೊಲ್ಹಾಪುರದ ಡಾಕ್ಟರು ತೋಳಿಗೆ ಅಳತೆಪಟ್ಟಿ ಸುತ್ತಿ, ರಕ್ತ ಪರೀಕ್ಷೆ ಮಾಡಿ, ರಕ್ತ ಇಲ್ಲ, ತೂಕ ಇಲ್ಲ, ಹೀಗೇ ಹೋದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದರು. ಮನೆಯಲ್ಲಿ ತಿಳಿದವರು ಯಾರೂ ಇಲ್ಲವೇ ಎಂದು ಕೇಳಿದರು. “ಅದಾರ್ರಿ. ನಮ್ಮತ್ತಿ ಅಂಗನವಾಡಿ ಸೇವಿಕಾ,” ಎಂದಳು ರುತುಜಾ. ಅವಳು ಹೆಮ್ಮೆಯಿಂದಲೇ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಪ್ರಿಯದರ್ಶನಿ, ತಾಯಿಯ ತೂಕಕ್ಕೆ ಪುಸ್ತಕದಲ್ಲಿ ಚೌಕವಿಲ್ಲದಿದ್ದರೆ ನೀನೇ ಒಂದು ಗೆರೆ ಎಳೆ. ಪೆನ್ನಿನಲ್ಲಿ ಬರೆ.

ಶಾಲು ಹೊದಿಸಿದಿರಿ, ಕಾಯಿ ಕೊಟ್ಟಿರಿ, ಎಲ್ಲರಿಗೂ ಋಣಿ. ಆದರೆ ಮೊದಲ ಪಂಕ್ತಿಗೆಂದು ಆಗಲೇ ಎದ್ದಿರುವ ಹಿರಿಯರು ದಯವಿಟ್ಟು ಕೂತುಕೊಳ್ಳಬೇಕು. ಅಲ್ಲಿ ಬಾಗಿಲಲ್ಲಿ, ಬಡಿಸಲು ಸಾರಿನ ಬಕೆಟ್ ಹಿಡಿದು ನಿಂತವಳು ನನ್ನ ಸೊಸೆ.

ರುತುಜಾ, ಬಕೆಟ್ ಕೆಳಗ ಇಡವ್ವ. ಮೊದಲನೇ ತಾಟಿಗೆ ನೀ ಕೂಡು. ಇವತ್ತ ನಾ ಬಡಸ್ತೇನಿ. ನೀ ಉಂಡ ಎದ್ದ ಮ್ಯಾಲೆ ನಾ ಉಣತೇನಿ.

ಇಷ್ಟೇ ನನ್ನ ಮಾತು. ಎಲ್ಲರಿಗೂ ನಮಸ್ಕಾರ.