ಅಕ್ಕನ ಕೋವಿಗೆ ಹಚ್ಚಿಸಿದ ಗ್ರೀಸ್

ಎಲ್ಲರೂ ‘ಮೇಣದಮ್ಮ’ ಎಂದು ಕರೆಯುವ ನಾನು, ವಯಸ್ಸು ೫೪ ವರ್ಷ, ಕಸುಬು ಮೇಣದಬತ್ತಿ ತಯಾರಿಕೆ, ವಾಸ ಹಳೇ ಗೋದಾಮಿನ ಹಿಂದಿನ ರಸ್ತೆ, ಅಂಗಡಿಯ ಮೇಲಿನ ಮಹಡಿ. ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಒಡಹುಟ್ಟಿದ ಅಕ್ಕ, ವಯಸ್ಸು ೬೧, ಹೊಲಿಗೆ ಕೆಲಸ ಮಾಡುವವಳು. ಮೂತಿಯ ಕಡೆಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿಗಳಲ್ಲಿ ಗುರಿ ಹೊಡೆಯುವವರ ಸಂಘದ ಸದಸ್ಯೆ. ಕೋವಿಗೆ ಪರವಾನಗಿ ಇದೆ. ಇಂಥ ಕೋವಿಗೆ ಮೊದಲು ಮದ್ದು ಸುರಿದು, ಜಿಡ್ಡು ಸವರಿದ ಬಟ್ಟೆಯ ಬಿಲ್ಲೆಯಲ್ಲಿ ಸೀಸದ ಗುಂಡನ್ನು ಸುತ್ತಿ, ಅದು ಮದ್ದಿಗೆ ತಾಗುವವರೆಗೂ ಕಡ್ಡಿಯಿಂದ ತಳ್ಳಬೇಕು. ಬಿಲ್ಲೆಗೆ ಯಾವ ಜಿಡ್ಡು ಎಂಬುದು ತಮಾಷೆಯ ವಿಷಯವಲ್ಲ. ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿದರೆ ಮದ್ದಿನ ಮಸಿ ಮೆತ್ತಗಿರುತ್ತದೆ, ಮುಂದಿನ ಗುಂಡು ಸಲೀಸಾಗಿ ಇಳಿಯುತ್ತದೆ. ವಾಹನದ ಗ್ರೀಸ್ ಸವರಿದರೆ ಮಸಿ ಡಾಂಬರಿನಂತೆ ಅಂಟಿ ಕೋವಿಯ ನಳಿಗೆ ಕಟ್ಟಿಕೊಳ್ಳುತ್ತದೆ. ಅಕ್ಕ ಕೊಬ್ಬು, ಬೆಣ್ಣೆ, ಸಿಕ್ಕಸಿಕ್ಕ ಎಣ್ಣೆಯನ್ನೆಲ್ಲ ಹಚ್ಚಿ ನೋಡಿ, ಹಾರಿಬಿದ್ದ ಬಿಲ್ಲೆಗಳನ್ನು ಹೆಕ್ಕಿ ತಂದು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ ಈ ಬೆರಕೆಯನ್ನು ಆರಿಸಿದಳು. ಎರಡು ಚಳಿಗಾಲ ಇದೇ ಗೋಳು. ಅಡುಗೆಮನೆಯ ಒಂದು ಪಾತ್ರೆಯೂ ನಮ್ಮದಾಗಿ ಉಳಿಯಲಿಲ್ಲ. ಬೆರಕೆ ಕಾಯಿಸಿಕೊಡುವವಳು ನಾನು.

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಮೈದಾನದಲ್ಲಿ ಸ್ಪರ್ಧೆ ಇತ್ತು. ಕಾರ್ಯದರ್ಶಿಯವರು ಗ್ಯಾರೇಜ್ ಮಾಲೀಕರು. ಹಿಂದಿನ ಎರಡು ಸ್ಪರ್ಧೆಗಳಲ್ಲಿ ಅಕ್ಕನಿಗೆ ಸೋತವರು. ಅವರು ಮೇಜಿನ ಮೇಲಿದ್ದ ನಮ್ಮ ಮೇಣದ ಡಬ್ಬಿಯನ್ನು ಎತ್ತಿ ತಮ್ಮ ಕಾರಿನಲ್ಲಿಟ್ಟು ಬೀಗ ಹಾಕಿದರು. ಮನೆಯಲ್ಲಿ ಮಾಡಿದ್ದನ್ನು ಬಿಡುವುದಿಲ್ಲ, ಎಲ್ಲರಿಗೂ ಒಂದೇ ಜಿಡ್ಡು ಎಂದು ಹೇಳಿ ಗ್ಯಾರೇಜಿನ ಕಪ್ಪು ಗ್ರೀಸ್ ತಂದಿಟ್ಟರು. ಇದರಿಂದ ನಳಿಗೆ ಕಟ್ಟುತ್ತದೆ ಎಂದು ಅಕ್ಕ ಹೇಳಿದ್ದಕ್ಕೆ, “ಜಿಡ್ಡು ಅಂದ್ರೆ ಜಿಡ್ಡಮ್ಮ. ಲಾರಿ ಚಕ್ರನೇ ತಿರುಗಿಸುತ್ತೆ, ನಿಮ್ಮ ಗೋಲಿಯಷ್ಟು ಗುಂಡು ಇಳಿಸಲ್ವಾ?” ಎಂದು ನಕ್ಕರು. ಹೊಡೆಯದಿದ್ದರೆ ಸೋತಂತೆ ಬರೆಸುವುದಾಗಿಯೂ ಹೇಳಿದರು. ಪ್ರತಿ ಗುಂಡಿನ ನಂತರ ನಳಿಗೆ ಒರೆಸಿಕೊಂಡು ಹೊಡೆಯುತ್ತೇನೆಂದು ಅಕ್ಕ ಒಪ್ಪಿದಳು. ಮೂರು ಗುಂಡಾದ ಮೇಲೆ, ಒರೆಸಲು ಸಮಯವಿಲ್ಲ ಎಂದು ಅದನ್ನೂ ತಡೆದರು.

ಸುಮಾರು ೧೧.೨೦ಕ್ಕೆ ಐದನೆಯ ಗುಂಡು ಮದ್ದಿಗಿಂತ ಒಂದು ಗೇಣು ಮೇಲೆಯೇ ಸಿಕ್ಕಿಕೊಂಡಿತು. ಅಕ್ಕ ಕೋವಿಯ ಮೂತಿಯನ್ನು ಗುರಿಹಲಗೆಯ ಕಡೆ ಮಾಡಿ ಮೇಜಿನ ಮೇಲಿಟ್ಟಳು. “ಗುಂಡು ಮದ್ದಿಗೆ ತಾಗಿಲ್ಲ. ಈಗ ಹೊಡೆದ್ರೆ ನಳಿಗೆ ಸಿಡಿಯುತ್ತೆ. ಗುಂಡು ಕೀಳೋ ತಿರುಪು ಕೊಡಿ, ಹೊರಗೆ ಎಳೀತೀನಿ” ಎಂದಳು. ಕಾರ್ಯದರ್ಶಿಯವರು ನಾಟಕ ಸಾಕೆಂದು ಹೇಳಿ, ತಾವೇ ಕೋವಿ ಎತ್ತಿ, ಮದ್ದಿಗೆ ಕಿಡಿ ಕೊಡುವ ಕೇಪನ್ನೂ ತಾವೇ ಇಟ್ಟರು. ಬೇಡವೆಂದು ಕೂಗುತ್ತಾ ಅಕ್ಕ ಅವರ ಕೈ ಹಿಡಿಯಲು ಮುಂದೆ ಹೋದಳು. ಅಷ್ಟರಲ್ಲಿ ಅವರು ಕೋವಿಯ ಕುದುರೆ ಒತ್ತಿದರು. ನಳಿಗೆ ಬಲಬದಿಗೆ ಸೀಳಿ, ಒಂದು ಚೂರು ಅಕ್ಕನ ಬಲಗಣ್ಣಿಗೆ ಬಡಿಯಿತು. ಅವರ ಅಂಗಿಯ ತೋಳು ಸುಟ್ಟಿತು, ಅಷ್ಟೇ.

ಆಸ್ಪತ್ರೆಯಲ್ಲಿ ವೈದ್ಯರು ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾರ್ಯದರ್ಶಿಯವರು, ಮನೆಯಲ್ಲಿ ಕಾಯಿಸಿದ ಮೇಣದಿಂದ ಹೀಗಾಯಿತು ಎಂದುಬಿಟ್ಟರು. ನನ್ನ ಮುಂದೆಯೇ. ಸ್ಪರ್ಧೆಯಲ್ಲಿ ಅಂಕ ಬರೆಯುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಎಲ್ಲವನ್ನೂ ಕಣ್ಣಾರೆ ಕಂಡವರು ತಮ್ಮ ಚಪ್ಪಲಿ ನೋಡುತ್ತಾ ನಿಂತರು. ಮಾರನೇ ದಿನ ನನ್ನ ಅಂಗಡಿಗೆ ಬಂದವರೂ ಅದನ್ನೇ ಕೇಳಿದರು: ನಿಮ್ಮ ಮೇಣ ಸಿಡಿಯುತ್ತಂತೆ, ಹೌದಾ?

ಮಂಗಳವಾರ ಸಂಜೆ ಕಾರ್ಯದರ್ಶಿಯವರು ವಾರ್ಡಿಗೆ ಬಂದು ಅಕ್ಕನ ತಲೆದೆಸೆಯಲ್ಲಿ ಕೂತರು. “ಆಗಿದ್ದು ಆಗಿಹೋಯ್ತು. ಆಕಸ್ಮಿಕ ಅಂತ ಬರೆಸಿಬಿಡಿ, ಮೇಣದ ಮಾತು ನಾನೂ ಎತ್ತಲ್ಲ” ಎಂದರು.

ಅಕ್ಕನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. “ಎತ್ತಿ. ಮೇಣ ನಿಮ್ಮ ಕಾರಲ್ಲೇ ಇತ್ತಲ್ಲ, ಅಲ್ಲಿಂದ ನನ್ನ ನಳಿಗೆಗೆ ಹೇಗೆ ಬಂತು ಅಂತಾನೂ ಹೇಳಿ” ಎಂದಳು. ಪಕ್ಕದ ಮಂಚದವರು ಎದ್ದು ಕೂತು ಕೇಳಿಸಿಕೊಂಡರು. ಕಾರ್ಯದರ್ಶಿಯವರು ಎದ್ದು ಹೊರಟುಹೋದರು.

ಬಲಗಣ್ಣು ಇನ್ನು ಕಾಣುವುದಿಲ್ಲವೆಂದು ಇಂದು ಬೆಳಿಗ್ಗೆ ವೈದ್ಯರು ತಿಳಿಸಿದ್ದಾರೆ. ಅಕ್ಕ ಗುರಿ ಹಿಡಿಯುತ್ತಿದ್ದದ್ದು ಅದೇ ಕಣ್ಣಿನಿಂದ. ಸುದ್ದಿ ಕೇಳಿ ಮೇಷ್ಟ್ರು ನನ್ನ ಅಂಗಡಿಗೆ ಬಂದು, ಕಂಡದ್ದನ್ನು ಕಂಡಂತೆ ಹೇಳುತ್ತೇನೆಂದರು. ಈಗ ಠಾಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ. ಸೀಳಿದ ನಳಿಗೆಯನ್ನು ಒರೆಸದೆ ಹಾಗೆಯೇ ತಂದೊಪ್ಪಿಸಿದ್ದೇನೆ. ಒಳಗೆ ಅಂಟಿರುವುದು ಏನೆಂದು ಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಅದರಲ್ಲಿ ‘ಕೋವಿಯು ಆಕಸ್ಮಿಕವಾಗಿ ಸಿಡಿದು’ ಎಂದಿತ್ತು. ನಾನು ಹಾಗೆ ಹೇಳಿಲ್ಲ. ‘ಆಕಸ್ಮಿಕವಾಗಿ’ ಎಂಬ ಪದವನ್ನು ನನ್ನೆದುರಿಗೇ ಹೊಡೆದುಹಾಕಿಸಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆ
ದಿನ: ಬುಧವಾರ, ಮಧ್ಯಾಹ್ನ
ಸಹಿ: ಗಾಯಾಳುವಿನ ತಂಗಿ